ದಸರೆ ಮುಗಿದ ಮೈಸೂರು, ಜೊತೆಗೆ ಪುಟ್ಟ ಮಕ್ಕಳು: ಎಲ್ಲಿಗೆ ಹೋಗೋದು, ಯಾವುದನ್ನು ಬಿಡೋದು?

ಮೈಸೂರಿನಲ್ಲಿ ಮಕ್ಕಳಿಗೆ ಏನು ತೋರಿಸುವುದು ಅಂತ ಯಾರನ್ನು ಕೇಳಿದರೂ ಉತ್ತರ ಒಂದೇ. ಜೂ, ಅರಮನೆ, ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ. ಕೆಲವರು ನಾಲ್ಕನ್ನೂ ಒಂದೇ ದಿನಕ್ಕೆ ತುರುಕುತ್ತಾರೆ. ದೊಡ್ಡವರಷ್ಟೇ ಇದ್ದರೆ ಮಾಡಿಕೊಳ್ಳಲಿ ಬಿಡಿ. ಆದರೆ ಜೊತೆಗೆ ಮೂರು ವರ್ಷದ್ದೊಂದು, ಆರು ವರ್ಷದ್ದೊಂದು ಇದ್ದರೆ ಈ ಪಟ್ಟಿಯನ್ನು ಹಾಗೇ ನಂಬಬೇಡಿ. ಆ ಊರಿನಲ್ಲೇ ಇದ್ದು ಮಕ್ಕಳನ್ನು ಕಟ್ಟಿಕೊಂಡು ಓಡಾಡುವ ನಮ್ಮಂಥವರ ಲೆಕ್ಕ ಸ್ವಲ್ಪ ಬೇರೆ.

ಒಂದು ಜಾಗದಲ್ಲಿ ಏನೇನಿದೆ ಅನ್ನುವುದನ್ನು ನಾನು ಆಮೇಲೆ ನೋಡುತ್ತೇನೆ. ಗೇಟಿನ ಒಳಗೆ ಹೋದ ಮೇಲೆ ಮಗು ಎಷ್ಟು ದೂರ ನಡೆಯಬೇಕು, ಎಷ್ಟು ಹೊತ್ತು ಸಾಲಿನಲ್ಲಿ ನಿಲ್ಲಬೇಕು, ಸಾಕು ಅಂತ ಚಂಡಿ ಹಿಡಿದಾಗ ಎಷ್ಟು ಬೇಗ ಹೊರಗೆ ಬರಬಹುದು, ಮೊದಲು ಈ ಮೂರನ್ನು ಕೇಳಿಕೊಳ್ಳುತ್ತೇನೆ. ಈ ಮೂರರ ಮೇಲೆ ತೂಗಿದರೆ ಹೆಸರುವಾಸಿ ಜಾಗಗಳು ಹಿಂದೆ ಬಿದ್ದು, ಯಾರೂ ಅಷ್ಟಾಗಿ ಹೇಳದ ರೈಲ್ವೆ ಮ್ಯೂಸಿಯಂ, ಕಾರಂಜಿ ಕೆರೆ ಮುಂದೆ ಬರುತ್ತವೆ. ನನ್ನ ತೀರ್ಪು ಇದೇ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಹವಾಮಾನ

ವಿಜಯದಶಮಿ ಮುಗಿದು ದೀಪಾವಳಿ ಬರುವವರೆಗಿನ ವಾರಾಂತ್ಯಗಳು ಮಕ್ಕಳ ಜೊತೆ ಸುತ್ತಲು ಒಳ್ಳೆಯವು. ಜಂಬೂ ಸವಾರಿಯ ಜನಸಾಗರ ಕರಗಿರುತ್ತದೆ, ಊರಿನಲ್ಲಿ ಹಬ್ಬದ ಕಳೆ ಇನ್ನೂ ಉಳಿದಿರುತ್ತದೆ, ಬೇಸಿಗೆಯ ಹಾಗೆ ಬಿಸಿಲು ತಲೆ ಸುಡುವುದಿಲ್ಲ. ತೊಂದರೆ ಮಳೆಯದ್ದು. ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮೊದಲ ವಾರದವರೆಗೆ ಚಿತ್ತೆ ಮಳೆ, ಸ್ವಾತಿ ಮಳೆಯ ಕಾಲ. ಮುಂಗಾರಿನ ಹಾಗೆ ದಿನವಿಡೀ ಜಿನುಗುವುದಲ್ಲ ಇದು. ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ಇರುತ್ತದೆ, ಮಧ್ಯಾಹ್ನ ಧಗೆ ಏರುತ್ತದೆ, ಮೂರು ನಾಲ್ಕು ಗಂಟೆ ಹೊತ್ತಿಗೆ ಬೆಟ್ಟದ ಕಡೆಯಿಂದ ಮೋಡ ಕಟ್ಟಿ ಗುಡುಗು ಸಿಡಿಲಿನ ಸಮೇತ ಸುರಿಯುತ್ತದೆ. ದಿನಾ ಹೀಗೇ ಆಗುತ್ತದೆ ಅಂತಿಲ್ಲ, ಆದರೆ ಆಗುವುದೇ ಜಾಸ್ತಿ.

ಅದಕ್ಕೇ ಹೊರಗಿನ ಸುತ್ತಾಟವೆಲ್ಲ ಬೆಳಿಗ್ಗೆ ಎಂಟೂವರೆಯಿಂದ ಹನ್ನೆರಡರ ಒಳಗೆ ಮುಗಿಯಬೇಕು. ಊಟ, ನಿದ್ದೆ. ಸಂಜೆ ಹತ್ತಿರದ್ದು ಒಂದೇ ಒಂದು, ಮಳೆ ಬಂದರೆ ಬಿಟ್ಟು ಬರಲು ಬೇಜಾರಾಗದಂಥದ್ದು. ಎರಡು ದಿನಕ್ಕೆ ಎರಡು ಬೆಳಗು, ಎರಡು ಸಂಜೆ, ಒಟ್ಟು ನಾಲ್ಕು ಜಾಗ. ಅದಕ್ಕಿಂತ ಜಾಸ್ತಿ ಆಸೆ ಬೇಡ.

ಜೂ ಅಥವಾ ಕಾರಂಜಿ ಕೆರೆ?

ಮಗು ಐದು ದಾಟಿದ್ದರೆ ಜೂ. ಐದರ ಒಳಗಿದ್ದರೆ ಕಾರಂಜಿ.

ಜೂ ಚೆನ್ನಾಗಿಲ್ಲ ಅಂತ ಹೇಳುತ್ತಿಲ್ಲ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಶುರುವಾದ ಈ ಮೃಗಾಲಯದಷ್ಟು ಮರದ ನೆರಳು, ಅಗಲವಾದ ಹಾದಿ, ಪ್ರಾಣಿಗಳಿಗೆ ಜಾಗ ಇರುವ ಕಡೆ ನಮ್ಮ ದೇಶದಲ್ಲೇ ಕಡಿಮೆ. ಒಳಗೆ ಹೋದ ಸ್ವಲ್ಪ ಹೊತ್ತಿಗೇ ಜಿರಾಫೆ ಸಿಗುತ್ತದೆ, ಅದರ ಉದ್ದ ಕುತ್ತಿಗೆ ನೋಡಿದ ಮಗುವಿನ ಬಾಯಿ ತೆರೆದದ್ದು ತೆರೆದ ಹಾಗೇ ಇರುತ್ತದೆ. 2021ರಲ್ಲಿ ಜರ್ಮನಿಯಿಂದ ಬಂದ ಗೊರಿಲ್ಲಾಗಳಿವೆ, ಚಿಂಪಾಂಜಿಗಳಿವೆ, ಹುಲಿ, ಘೇಂಡಾಮೃಗ, ಎಲ್ಲವೂ ಇವೆ.

ಆದರೆ ದಾರಿ ಉದ್ದ. ಪೂರ್ತಿ ಸುತ್ತಿದರೆ ಮೂರು ಕಿಲೋಮೀಟರ್ ಹತ್ತಿರ ಆಗುತ್ತದೆ, ನಿಂತು ನೋಡುತ್ತಾ ಹೋದರೆ ಮೂರು ಗಂಟೆ. ಮೂರು ವರ್ಷದ ಮಗು ಅರ್ಧ ದಾರಿಗೇ "ಎತ್ಕೋ" ಅನ್ನುತ್ತದೆ. ಅಲ್ಲಿಂದ ಮುಂದೆ ಹೋದರೂ ಅಷ್ಟೇ ದೂರ, ಹಿಂದೆ ಬಂದರೂ ಅಷ್ಟೇ ದೂರ. ಹದಿಮೂರು ಕೆಜಿ ತೂಕವನ್ನು ಹೆಗಲ ಮೇಲೆ ಹೊತ್ತು ಹುಲಿ ತೋರಿಸಲು ಹೋದರೆ, ಹುಲಿ ಮಲಗಿರುತ್ತದೆ, ಮಗುವೂ ಮಲಗಿರುತ್ತದೆ. ಬ್ಯಾಟರಿ ಗಾಡಿ ಇದೆ, ಒಪ್ಪಿದೆ. ಭಾನುವಾರ ಅದಕ್ಕೂ ಸಾಲು. ಗಾಡಿಯಲ್ಲಿ ಕೂತರೆ ಮಗುವಿಗೆ ಇಷ್ಟವಾದ ಕಡೆ ಬೇಕಾದಷ್ಟು ಹೊತ್ತು ನಿಲ್ಲಲೂ ಆಗುವುದಿಲ್ಲ, ಅದೊಂದು ಸಂಕಟ.

ಕಾರಂಜಿ ಕೆರೆ ಜೂಗೆ ಅಂಟಿಕೊಂಡೇ ಇದೆ, ನೋಡಿಕೊಳ್ಳುವವರೂ ಮೃಗಾಲಯದವರೇ. ಮರದ ನೆರಳಿನ ಹಾದಿ, ದೋಣಿ, ಚಿಟ್ಟೆ ಉದ್ಯಾನ, ಜೊತೆಗೆ ಒಳಗೇ ನಡೆದಾಡಬಹುದಾದ ದೊಡ್ಡ ಪಕ್ಷಿ ಪಂಜರ. ಸುಮಾರು 60 ಮೀಟರ್ ಉದ್ದ, 40 ಮೀಟರ್ ಅಗಲ, 20 ಮೀಟರ್ ಎತ್ತರ. ಒಳಗೆ ಹೋದರೆ ಬಲೆ ಇದೆ ಅನ್ನುವುದೇ ಮರೆತುಹೋಗುತ್ತದೆ, ಯಾಕಂದರೆ ಮರಗಳೂ ಬಲೆಯ ಒಳಗೇ ಇವೆ. ನವಿಲು ಹಾದಿಗೇ ಬರುತ್ತದೆ. ಮಗು ನೆಲಕ್ಕೆ ಕೂತರೆ ನವಿಲಿನ ಕಣ್ಣು, ಮಗುವಿನ ಕಣ್ಣು ಹೆಚ್ಚುಕಡಿಮೆ ಒಂದೇ ಎತ್ತರ. ಅದು ಬಾಲ ಎಳೆದುಕೊಂಡು ತರಗೆಲೆ ಮೇಲೆ ಹೋಗುವಾಗ ಬರುವ ಸರಸರ ಸದ್ದನ್ನೇ ಮಕ್ಕಳು ಹತ್ತು ನಿಮಿಷ ಕೇಳುತ್ತಾರೆ. ಜೂನಲ್ಲಿ ಕಂದಕದಾಚೆ ಇರುವ ಪ್ರಾಣಿಯನ್ನು ಬೆರಳು ಮಾಡಿ ತೋರಿಸಬೇಕು, ಇಲ್ಲಿ ತೋರಿಸುವ ಅಗತ್ಯವೇ ಇಲ್ಲ.

ಒಂದೂವರೆ ಗಂಟೆ ಸಾಕು. ಸುಸ್ತಾದರೆ ಬೇಗ ಹೊರಗೆ ಬರಬಹುದು. ಟಿಕೆಟ್ಟೂ ಜೂಗಿಂತ ಕಡಿಮೆ, ಜೂನಲ್ಲಿ ವಾರಾಂತ್ಯಕ್ಕೆ ಬೇರೆ ದರ ಇರುತ್ತದೆ. ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸೋಣ, ಪಕ್ಕದಲ್ಲೇ ಇದೆಯಲ್ಲ ಅಂತ ಗಂಡಸರು ಒಂದು ಲೆಕ್ಕ ಹಾಕುತ್ತಾರೆ. ಬೇಡ. ಎರಡನೆಯ ಜಾಗದಲ್ಲಿ ಮಗು ನೋಡುವುದು ಐಸ್‌ಕ್ರೀಮ್ ಗಾಡಿ ಮಾತ್ರ.

ಜೂಗೇ ಹೋಗುವುದಾದರೆ ಬಾಗಿಲು ತೆರೆಯುವ ಹೊತ್ತಿಗೇ, ಅಂದರೆ ಎಂಟೂವರೆಗೇ ಗೇಟಿನಲ್ಲಿರಿ. ಪ್ರಾಣಿಗಳು ಆಗ ಚುರುಕಾಗಿರುತ್ತವೆ, ಹನ್ನೊಂದರ ಮೇಲೆ ನೆರಳು ಹುಡುಕಿ ಮಲಗುತ್ತವೆ. ಗೇಟಿನಲ್ಲಿ ಚೀಲ ತಪಾಸಣೆ ಮಾಡುತ್ತಾರೆ, ಪ್ಲಾಸ್ಟಿಕ್ ಕವರು ಒಳಗೆ ಬಿಡುವುದಿಲ್ಲ. ಮಗುವಿನ ಬಿಸ್ಕತ್ತು, ಬದಲಿ ಬಟ್ಟೆ ಎಲ್ಲವನ್ನೂ ಮನೆಯಲ್ಲೇ ಬಟ್ಟೆ ಚೀಲಕ್ಕೆ, ಸ್ಟೀಲ್ ಡಬ್ಬಿಗೆ ಹಾಕಿಕೊಂಡರೆ ಅಲ್ಲಿ ನಿಂತು ಚೀಲ ಬಿಚ್ಚುವ ರಗಳೆ ಇಲ್ಲ. ಮಂಗಳವಾರ ರಜೆ. ದೀಪಾವಳಿ ಸೇರಿಸಿ ಉದ್ದ ರಜೆ ಹಾಕಿಕೊಂಡವರು ಇದನ್ನು ನೆನಪಿಟ್ಟುಕೊಳ್ಳಿ.

ರೈಲ್ವೆ ಮ್ಯೂಸಿಯಂ: ಎದುರಾಳಿಯೇ ಇಲ್ಲ

ಇದನ್ನು ಯಾವುದರ ಜೊತೆ ಹೋಲಿಸುವುದು? ವಯಸ್ಸಿಗೆ ತಕ್ಕಂತೆ ನೋಡಿದರೆ ಅರಮನೆಯ ಒಳಗಿನ ದರ್ಶನದ ಜೊತೆ ಹೋಲಿಸಬೇಕು. ಎರಡೂ ರಾಜರ ಕಾಲದ ವಸ್ತುಗಳೇ ಅಲ್ವಾ.

ಅರಮನೆಯಲ್ಲಿ ಚಪ್ಪಲಿ ಬಿಡಬೇಕು, ಸಾಲಿನಲ್ಲಿ ಸಾಗಬೇಕು, ಗುಂಪು ತಳ್ಳಿದ ಕಡೆ ಹೋಗಬೇಕು. ಮೇಲಿನ ಬಣ್ಣದ ಗಾಜು, ಕಂಬ, ಚಿನ್ನದ ಅಂಬಾರಿ ನಮಗೆ ಚೆಂದ. ಮೂರಡಿ ಎತ್ತರದ ಮಗುವಿಗೆ ಕಾಣುವುದು ಮುಂದಿನವರ ಪ್ಯಾಂಟು, ಸೀರೆ ನೆರಿಗೆ. ಮುಟ್ಟಬೇಡ, ಓಡಬೇಡ, ಕೂಗಬೇಡ, ಒಂದು ಗಂಟೆಯಲ್ಲಿ ನಾವು ಹೇಳುವ ಮಾತು ಇಷ್ಟೇ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಗಿ, 1912ರ ಹೊತ್ತಿಗೆ ಈ ಹೊಸದು ಎದ್ದು ನಿಂತ ಕಥೆ ಎಂಟು ಒಂಬತ್ತು ವರ್ಷದ ಮಕ್ಕಳಿಗೆ ಹಿಡಿಸುತ್ತದೆ. ಅಲ್ಲಿಯವರೆಗೆ ಒಳಗಡೆಯ ದರ್ಶನ ಮುಂದಕ್ಕೆ ಹಾಕಬಹುದು, ಅರಮನೆ ಎಲ್ಲಿಗೂ ಓಡಿಹೋಗುವುದಿಲ್ಲ.

ರೈಲ್ವೆ ಮ್ಯೂಸಿಯಂ ಇರುವುದು ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಎದುರು, ರೈಲ್ವೆ ಸ್ಟೇಷನ್ ಹತ್ತಿರ. 1979ರಲ್ಲಿ ಶುರುವಾದದ್ದು. ಹಳೆಯ ಉಗಿಬಂಡಿ ಎಂಜಿನ್‌ಗಳು ಬಯಲಿನಲ್ಲೇ ಹುಲ್ಲಿನ ನಡುವೆ ಹಳಿಯ ಮೇಲೆ ನಿಂತಿವೆ. ಚಕ್ರ ಮಗುವಿಗಿಂತ ಎತ್ತರ. ಕೈಮರದ ಸಿಗ್ನಲ್, ಹಳೇ ಗಂಟೆ, ಮಹಾರಾಣಿಯ ಸಲೂನ್ ಬೋಗಿ. 1899ರ ಆ ಬೋಗಿಯಲ್ಲಿ ಅಡುಗೆಮನೆ, ಊಟದ ಜಾಗ, ಶೌಚಾಲಯ ಎಲ್ಲವೂ ಇದ್ದವು. "ರಾಣಿ ರೈಲಲ್ಲೇ ಸ್ನಾನ ಮಾಡ್ತಿದ್ಲಾ?" ಅನ್ನುವ ಪ್ರಶ್ನೆಗೆ ಉತ್ತರ ಸಿದ್ಧ ಮಾಡಿಕೊಂಡು ಹೋಗಿ. ಪುಟಾಣಿ ರೈಲೊಂದು ಆವರಣದೊಳಗೆ ಸುತ್ತು ಹಾಕಿಸುತ್ತದೆ, ಒಂದು ಸುತ್ತಿಗೆ ಯಾವ ಮಗುವೂ ಇಳಿಯುವುದಿಲ್ಲ, ಎರಡನೆಯ ಟಿಕೆಟ್ಟಿಗೆ ಮೊದಲೇ ಚಿಲ್ಲರೆ ಇಟ್ಟುಕೊಳ್ಳಿ. ಪಕ್ಕದಲ್ಲೇ ಸ್ಟೇಷನ್ ಇರುವುದರಿಂದ ಆಗಾಗ ನಿಜವಾದ ರೈಲಿನ ಹಾರ್ನ್ ಕೇಳುತ್ತದೆ, ಆಗ ಎಲ್ಲ ಮಕ್ಕಳೂ ಒಟ್ಟಿಗೆ ತಲೆ ಎತ್ತುತ್ತಾರೆ.

ಇಡೀ ಜಾಗ ಒಂದೇ ನೋಟಕ್ಕೆ ಸಿಗುವಷ್ಟು ಚಿಕ್ಕದು. ಮಕ್ಕಳು ಓಡಿದರೂ ಕಣ್ಣಳತೆಯಲ್ಲೇ ಇರುತ್ತಾರೆ, ಅಪ್ಪ ಅಮ್ಮ ಬೆಂಚಿನ ಮೇಲೆ ಕೂರಬಹುದು. ಕೂರುವುದಕ್ಕೆ ಸಿಗುವ ಪ್ರವಾಸಿ ತಾಣ ಅಂದರೆ ಎಷ್ಟು ದೊಡ್ಡ ವಿಷಯ ಅನ್ನುವುದು ಚಿಕ್ಕ ಮಕ್ಕಳಿರುವವರಿಗೆ ಗೊತ್ತು. ತೊಂದರೆ ಇಲ್ಲ ಅಂತಲ್ಲ. ಮಧ್ಯಾಹ್ನ ಬಿಸಿಲಿಗೆ ಕಬ್ಬಿಣ ಕಾದಿರುತ್ತದೆ, ಮಳೆ ಬಂದ ಮೇಲೆ ಮೆಟ್ಟಿಲು ಜಾರುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಹೋದರೆ ಎರಡೂ ಇಲ್ಲ.

ಹಕ್ಕಿ ನೋಡಲು: ರಂಗನತಿಟ್ಟು, ಇಲ್ಲವೇ ಕುಕ್ಕರಹಳ್ಳಿ ಕೆರೆ

ರಂಗನತಿಟ್ಟಿನ ಹೆಸರು ದೊಡ್ಡದು. ಕಾವೇರಿ ನಡುವಿನ ನಡುಗಡ್ಡೆಗಳು, 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇಲೆ ಮೈಸೂರು ಮಹಾರಾಜರು ಪಕ್ಷಿಧಾಮ ಮಾಡಿದ ಜಾಗ, 2022ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೂ ಸೇರಿತು. ಊರಿನಿಂದ ಹದಿನೇಳು ಹದಿನೆಂಟು ಕಿಲೋಮೀಟರ್. ಮಕ್ಕಳಿಗೆ ಇಲ್ಲಿ ಹಕ್ಕಿಗಿಂತ ಮೊಸಳೆಯೇ ಹಬ್ಬ. ದೋಣಿ ಬಂಡೆಯ ಪಕ್ಕ ನಿಧಾನವಾಗಿ ಹೋಗುವಾಗ ಮೊಸಳೆ ಬಾಯಿ ತೆರೆದುಕೊಂಡು ಅಲ್ಲಾಡದೆ ಬಿಸಿಲು ಕಾಯಿಸುತ್ತಿರುತ್ತದೆ. ಇದು ಗೊಂಬೆ ಅಂತ ದೊಡ್ಡ ಮಗ ವಾದ ಮಾಡುವಷ್ಟರಲ್ಲಿ ಅದು ಸರಕ್ಕನೆ ನೀರಿಗಿಳಿಯುತ್ತದೆ. ಮರದ ತುಂಬಾ ತಲೆಕೆಳಗಾಗಿ ನೇತಾಡುವ ಬಾವಲಿಗಳೂ ಇವೆ.

ಆದರೆ ಅಕ್ಟೋಬರ್‌ನಲ್ಲಿ ಇಲ್ಲಿಗೆ ಹೋಗುವವರು ಎರಡು ವಿಷಯ ತಿಳಿದಿರಬೇಕು. ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡಿ ಮರಗಳೆಲ್ಲ ಬಿಳುಪಾಗುವ ಕಾಲ ಡಿಸೆಂಬರ್ ಜನವರಿಯಿಂದ ಆಚೆಗೆ. ಫೋಟೋದಲ್ಲಿ ನೋಡಿದಷ್ಟು ಹಕ್ಕಿ ಈಗ ಸಿಗುವುದಿಲ್ಲ. ಎರಡನೆಯದು ದೋಣಿ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ದೋಣಿವಿಹಾರ ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು. ದೋಣಿ ಇಲ್ಲದ ರಂಗನತಿಟ್ಟು ಮಕ್ಕಳ ಮಟ್ಟಿಗೆ ಸುಮ್ನೆ ಒಂದು ಪಾರ್ಕು. ಹೊರಡುವ ದಿನ ಬೆಳಿಗ್ಗೆ ಪೇಪರಿನಲ್ಲಿ ಅಣೆಕಟ್ಟೆಯ ನೀರಿನ ಮಟ್ಟದ ಪುಟ್ಟ ಪಟ್ಟಿ ಇರುತ್ತದಲ್ಲ, ಅದನ್ನು ನೋಡಿ. ಗರಿಷ್ಠ ಮಟ್ಟ 124.80 ಅಡಿ. ಅಣೆಕಟ್ಟೆ ಅಂಚಿಗೆ ಬಂದಿದ್ದು ಒಳಹರಿವೂ ಜೋರಾಗಿದ್ದರೆ, ಹೊರಹರಿವಿನ ಸಂಖ್ಯೆ ಹತ್ತಾರು ಸಾವಿರ ಕ್ಯೂಸೆಕ್ ಇದ್ದರೆ, ಆ ದಿನ ರಂಗನತಿಟ್ಟನ್ನು ಮರೆತುಬಿಡಿ. ರೈತರು ನೋಡುವ ಆ ಪಟ್ಟಿ ಮಕ್ಕಳಿರುವ ಮನೆಗೂ ಉಪಯೋಗಕ್ಕೆ ಬರುತ್ತದೆ.

ದೋಣಿಯ ಬಗ್ಗೆ ಇನ್ನೊಂದು. ಮಗುವಿಗೆ ಸರಿಹೊಂದುವ ಅಳತೆಯ ಲೈಫ್ ಜಾಕೆಟ್ ಕೇಳಿ ಹಾಕಿಸಿ, ದೊಡ್ಡವರದ್ದನ್ನು ಹೆಗಲಿಗೆ ನೇತುಹಾಕಿದರೆ ಅದು ಹಾಕಿದ ಲೆಕ್ಕಕ್ಕಿಲ್ಲ. ಮೊಸಳೆ ಇರುವ ನೀರು ಅದು, ಕೈ ಹೊರಗೆ ಚಾಚಲು ಬಿಡಬೇಡಿ.

ಕುಕ್ಕರಹಳ್ಳಿ ಕೆರೆಗೆ ಈ ಯಾವ ತಾಪತ್ರಯವೂ ಇಲ್ಲ. ಊರಿನ ಒಳಗೇ, ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದ ಪಕ್ಕ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ್ದು. ಮಣ್ಣಿನ ಏರಿ, ಮರದ ನೆರಳು, ನೀರಿನಲ್ಲಿ ಹೆಜ್ಜಾರ್ಲೆ, ನೀರುಕಾಗೆ. ಮೊಸಳೆಯಂಥ ನಾಟಕ ಇಲ್ಲ, ದೋಣಿ ಇಲ್ಲ, ತಿಂಡಿ ಅಂಗಡಿಗಳ ಸಾಲೂ ಇಲ್ಲ. ಪೂರ್ತಿ ಸುತ್ತು ಹಾಕಬೇಡಿ, ದೂರ ಆಗುತ್ತದೆ. ಏರಿಯ ಮೇಲೆ ಸ್ವಲ್ಪ ದೂರ ಹೋಗಿ ವಾಪಸ್ ಬನ್ನಿ. ಬೆಳಗಿನ ಏಳು ಗಂಟೆಗೆ, ತಿಂಡಿಗೆ ಮುಂಚೆ, ಮಕ್ಕಳು ಹೇಗೂ ಬೇಗ ಎದ್ದಿರುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಮುಗಿಸಿ ಮಸಾಲೆ ದೋಸೆಗೆ ಹೋಗಬಹುದು. ನಾನಂತೂ ಇದನ್ನು ಒಂದು ಇಡೀ ಬೆಳಗಿನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹೆಚ್ಚುವರಿ ಅಂತ ಇಟ್ಟುಕೊಳ್ಳುತ್ತೇನೆ.

ಹಾಗಾದರೆ ಯಾವುದು? ದೋಣಿ ಓಡುತ್ತಿದ್ದರೆ, ಸ್ವಂತ ವಾಹನ ಇದ್ದರೆ, ಮಗು ಅರ್ಧ ಗಂಟೆ ಕೂತಲ್ಲಿ ಕೂರುವ ವಯಸ್ಸಿನದಾಗಿದ್ದರೆ ರಂಗನತಿಟ್ಟು. ಮೂರರಲ್ಲಿ ಒಂದು ಇಲ್ಲದಿದ್ದರೂ ಕುಕ್ಕರಹಳ್ಳಿ.

ಸಂಜೆಯ ಮೂರು ಆಯ್ಕೆ

ಇಲ್ಲಿ ನನಗೆ ಬೃಂದಾವನದ ಮೇಲೆ ಸ್ವಲ್ಪ ಸಿಟ್ಟಿದೆ ಅಂತ ಮೊದಲೇ ಹೇಳಿಬಿಡುತ್ತೇನೆ. ತೋಟ ಸುಂದರ, ಅಣೆಕಟ್ಟೆ ತುಂಬಿದ ವರ್ಷ ಇನ್ನೂ ಸುಂದರ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಣ್ಣಿಗೆ ಕೈಮುಗಿಯಬೇಕು. ಆದರೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ರಾತ್ರಿಯ ಕಾರಂಜಿಗೆ ಅಲ್ಲಿಗೆ ಹೋಗುವುದು ಬೇಡ. ಊರಿನಿಂದ ಇಪ್ಪತ್ತು ಕಿಲೋಮೀಟರ್ ಹತ್ತಿರ. ಗಾಡಿ ನಿಲ್ಲಿಸಿ, ಟಿಕೆಟ್ ತೆಗೆದು, ತೋಟದ ಉದ್ದಕ್ಕೂ ಇಳಿದು, ನೀರು ದಾಟಿ ಆಚೆ ಬದಿಗೆ ಹೋದರೆ ಸಂಗೀತ ಕಾರಂಜಿ. ಅದು ಶುರುವಾಗುವುದೇ ಕತ್ತಲಾದ ಮೇಲೆ. ಮುಗಿದ ಕೂಡಲೇ ಅಷ್ಟೂ ಜನ ಒಟ್ಟಿಗೆ ವಾಪಸ್ ನಡೆಯುತ್ತಾರೆ, ಮಂದ ಬೆಳಕಿನಲ್ಲಿ, ಮೆಟ್ಟಿಲುಗಳ ಮೇಲೆ, ನಿದ್ದೆಗಣ್ಣಿನ ಮಕ್ಕಳನ್ನು ಹೊತ್ತುಕೊಂಡು, ಆಮೇಲೆ ಪಾರ್ಕಿಂಗ್‌ನಿಂದ ಹೊರಗೆ ಬರಲು ಮತ್ತೆ ಅರ್ಧ ಗಂಟೆ ಹಾರ್ನ್. ನಡುವೆ ಸ್ವಾತಿ ಮಳೆ ಶುರುವಾದರೆ ಓಡಿ ನಿಲ್ಲಲು ಸೂರು ಕಡಿಮೆ. ಹಗಲು ಹೊತ್ತಿನಲ್ಲಿ, ನಾಲ್ಕು ಗಂಟೆಗೆ ಹೋಗಿ ತೋಟ ಮಾತ್ರ ನೋಡಿ ಆರಕ್ಕೆ ಹೊರಡುವುದಾದರೆ ಸರಿ. ಆದರೆ ಆ ಸಂಯಮ ಯಾರಿಗಿರುತ್ತದೆ? ಅಷ್ಟು ದೂರ ಬಂದು ಕಾರಂಜಿ ನೋಡದೆ ಹೋಗುವುದಾ ಅಂತ ಯಾರಾದರೂ ಒಬ್ಬರು ಹೇಳೇ ಹೇಳುತ್ತಾರೆ.

ಅರಮನೆಯ ದೀಪ ಇದಕ್ಕೆ ಪೂರ್ತಿ ಉಲ್ಟಾ. ಭಾನುವಾರ ಸಂಜೆ ಏಳರ ಸುಮಾರಿಗೆ, ಆವರಣದೊಳಗೆ ಬಿಡುವುದು ಉಚಿತ, ಸುಮಾರು 1 ಲಕ್ಷ ಬಲ್ಬು ಒಂದೇ ಸಲ ಹತ್ತಿಕೊಳ್ಳುತ್ತವೆ. ಮಗು ನಡೆಯಬೇಕಾದದ್ದು ಗೇಟಿನಿಂದ ಬಯಲಿನವರೆಗೆ ಮಾತ್ರ. ಕಾಯುವುದೂ ಸ್ವಲ್ಪ ಹೊತ್ತು, ಹಾಳೆ ಹಾಸಿ ಕೂತು ಕಡ್ಲೆಪುರಿ ತಿನ್ನುತ್ತಾ ಕಾಯಬಹುದು. ಆ ಕತ್ತಲ ಕಟ್ಟಡ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳಕಿನ ಗೆರೆಗಳಾಗುವಾಗ ಇಡೀ ಗುಂಪಿನ ಬಾಯಿಂದ ಒಂದೇ ಉದ್ಗಾರ ಬರುತ್ತದೆ, ಎಷ್ಟನೇ ಸಲ ನೋಡಿದವರೂ ಅದರಲ್ಲಿ ಸೇರಿರುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಮಳೆ ಬಂದು ಕೆಟ್ಟರೂ ಆಟೋ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ಮನೆ ಅಥವಾ ಲಾಡ್ಜು. ಒಂದೇ ಎಚ್ಚರ: ದೀಪ ಆರುವ ಕೊನೆ ನಿಮಿಷದವರೆಗೆ ಕಾಯದೆ ಐದು ನಿಮಿಷ ಮುಂಚೆ ಗೇಟಿನ ಕಡೆ ಹೊರಡಿ.

ಮೂರನೆಯದು ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನ. ದಸರೆ ಮುಗಿದ ಮೇಲೂ ಎರಡು ಮೂರು ತಿಂಗಳು ನಡೆಯುವುದರಿಂದ ಹೊರಊರಿನವರಿಗೂ ಸಿಗುತ್ತದೆ. ಸರ್ಕಾರಿ ಇಲಾಖೆಗಳ ಮಳಿಗೆ, ಪಾತ್ರೆ ಪಗಡೆ, ಬಳೆ, ಜೈಂಟ್ ವೀಲ್, ಮಕ್ಕಳ ಪುಟ್ಟ ಕಾರು, ಎಲ್ಲದರ ನಡುವೆ ಡೆಲ್ಲಿ ಹಪ್ಪಳ. ಮಗುವಿನ ಮುಖಕ್ಕಿಂತ ಅಗಲದ ಹಪ್ಪಳ, ಮೇಲೆ ಕೆಂಪಗೆ ಖಾರದ ಪುಡಿ. ಚಿಕ್ಕವರಿಗೆ ಖಾರ ಹಾಕಬೇಡಿ ಅಂತ ಎಣ್ಣೆಯಿಂದ ತೆಗೆಯುವ ಮುಂಚೆಯೇ ಹೇಳಬೇಕು, ಆಮೇಲೆ ಹೇಳಿದರೆ ಕೈ ಆಗಲೇ ಉದುರಿಸಿರುತ್ತದೆ. ಇದು ಮೂರರಲ್ಲೂ ಮಕ್ಕಳಿಗೆ ಅತಿ ಹೆಚ್ಚು ಖುಷಿ ಕೊಡುವ ಜಾಗ, ಅಪ್ಪ ಅಮ್ಮನ ಜೇಬಿಗೆ ಅತಿ ಹೆಚ್ಚು ತೂತು ಮಾಡುವ ಜಾಗವೂ ಹೌದು. ಗದ್ದಲ ಜೋರು, ಮಳೆ ಬಂದಿದ್ದರೆ ಕೆಸರು, ವಾರಾಂತ್ಯದ ಎಂಟು ಗಂಟೆಗೆ ಕಾಲಿಡಲು ಜಾಗ ಇಲ್ಲ. ಐದು ಗಂಟೆಗೇ ಒಳಗೆ ಹೋಗಿ ಏಳಕ್ಕೆ ಹೊರಗೆ ಬನ್ನಿ. ಫೋನ್ ನಂಬರ್ ಬರೆದ ಚೀಟಿ ಮಗುವಿನ ಜೇಬಿನಲ್ಲಿರಲಿ. ಎಷ್ಟು ಆಟ, ಎಷ್ಟು ಆಟಿಕೆ ಅಂತ ಮನೆಯಲ್ಲೇ ಮಾತಾಡಿಕೊಂಡು ಹೋದರೆ ಬಲೂನ್ ಗಾಡಿ ಮುಂದೆ ನೆಲಕ್ಕೆ ಬಿದ್ದು ಹೊರಳಾಡುವ ಪ್ರಸಂಗ ಕಡಿಮೆ ಆಗುತ್ತದೆ. ಇಲ್ಲವಾಗುವುದಿಲ್ಲ, ಕಡಿಮೆ ಆಗುತ್ತದೆ ಅಷ್ಟೇ.

ಬೆಟ್ಟಕ್ಕೆ ಹೋಗಲೇಬೇಕಾ?

ಅಜ್ಜಿ ಜೊತೆಗಿದ್ದರೆ ಹೋಗಲೇಬೇಕು, ಅದರಲ್ಲಿ ಆಯ್ಕೆ ಇಲ್ಲ. ಆದರೆ ವಾರಾಂತ್ಯದ ದರ್ಶನದ ಸಾಲಿನಲ್ಲಿ ಎಲ್ಲರೂ ನಿಲ್ಲುವ ಅಗತ್ಯವಿಲ್ಲ. ಅಜ್ಜಿಯ ಜೊತೆ ಒಬ್ಬರು ಸಾಲಿಗೆ, ಇನ್ನೊಬ್ಬರು ಮಕ್ಕಳ ಜೊತೆ ಹೊರಗೆ. ಮಕ್ಕಳಿಗೆ ಮಹಿಷಾಸುರನ ವಿಗ್ರಹ ಸಾಕು: ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು, ದಪ್ಪ ಮೀಸೆ. ಹೆದರುವ ಮಗುವಿಗೆ ದೂರದಿಂದಲೇ ತೋರಿಸಿ. ಕೈಯಲ್ಲಿ ತಿಂಡಿ ಇದ್ದರೆ ಕೋತಿ ಕಿತ್ತುಕೊಂಡು ಹೋಗುತ್ತದೆ, ಬಾಳೆಹಣ್ಣು ಚೀಲದೊಳಗಿರಲಿ.

ಬರುವಾಗ ನಂದಿಯ ಹತ್ತಿರ ಗಾಡಿ ನಿಲ್ಲಿಸಿ. ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲೆಯ ನಂದಿ, ಹದಿನೈದು ಅಡಿಗೂ ಮೇಲೆ ಎತ್ತರ. ಕೊರಳಿನ ಗಂಟೆಗಳನ್ನು ಎಣಿಸಲು ಹೇಳಿದರೆ ಆರು ವರ್ಷದವರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಸಾವಿರ ಮೆಟ್ಟಿಲು ಹತ್ತುವ ಹುಮ್ಮಸ್ಸು ಅಪ್ಪನಿಗೆ ಬರುತ್ತದೆ. ಒಬ್ಬನೇ ಹತ್ತಲಿ.

ಸ್ವಲ್ಪ ದೂರ ಹೋಗುವ ಮನಸ್ಸಿದ್ದರೆ

ಕಾರಿನಲ್ಲಿ ಒಂದು ಗಂಟೆ ಕೂರಲು ಮಕ್ಕಳು ಒಪ್ಪುವುದಾದರೆ ಸೋಮನಾಥಪುರವನ್ನು ಬೇಲೂರು ಹಳೇಬೀಡಿಗಿಂತ ಮೊದಲು ತೋರಿಸಿ. ಮೂವತ್ತೈದು ಕಿಲೋಮೀಟರ್ ಆಸುಪಾಸು. 1268ರ ಕೇಶವ ದೇವಾಲಯ, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಚಿಕ್ಕ ಆವರಣ, ಸುತ್ತ ಗೋಡೆ, ಮುಂದೆ ಹುಲ್ಲುಹಾಸು. ಹೊರಗೋಡೆಯ ಕೆಳಸಾಲಿನಲ್ಲಿ ಆನೆಗಳ ಮೆರವಣಿಗೆ, ಅದರ ಮೇಲೆ ಕುದುರೆ ಸವಾರರು. ಹೊಯ್ಸಳ ಶಿಲ್ಪಿಗಳು ಬೇಕಂತಲೇ ಮಾಡಿದರೋ ಇಲ್ಲವೋ, ಆ ಸಾಲು ಚಿಕ್ಕ ಮಕ್ಕಳ ಕಣ್ಣಿನ ಮಟ್ಟಕ್ಕೇ ಬರುತ್ತದೆ. ನಾವು ತಲೆ ಎತ್ತಿ ದೇವತೆಗಳನ್ನು ನೋಡುತ್ತಿರುವಾಗ ಅವರು ಗೋಡೆಗುಂಟ ಆನೆ ಎಣಿಸುತ್ತಾ ಮೂಲೆಯಿಂದ ಮೂಲೆಗೆ ಹೋಗುತ್ತಿರುತ್ತಾರೆ. ಗುಡಿ ನಿಂತಿರುವ ಎತ್ತರದ ಕಟ್ಟೆಗೆ, ಅಂದರೆ ಜಗತಿಗೆ, ತಡೆಗೋಡೆ ಇಲ್ಲ, ಅಂಚಿನ ಕಡೆ ಒಬ್ಬರು ನಿಂತಿರಿ. ಊಟ ಕಟ್ಟಿಕೊಂಡೇ ಹೋಗಿ, ಚಿತ್ರಾನ್ನ, ಮೊಸರನ್ನ ಇದ್ದರೆ ಮಕ್ಕಳ ಮಟ್ಟಿಗೆ ಹೋಟೆಲ್ ಹುಡುಕುವ ಚಿಂತೆ ಇಲ್ಲ.

ತಲಕಾಡು ಇನ್ನೂ ಮುಂದೆ. ಮರಳಿನಲ್ಲಿ ಹೂತ ಗುಡಿಗಳು, ಬರಿಗಾಲಲ್ಲಿ ಓಡಲು ಅಷ್ಟೊಂದು ಮರಳು, ಮಕ್ಕಳಿಗೆ ಸ್ವರ್ಗವೇ ಸರಿ. ನದಿ ಮಾತ್ರ ನಂಬುವಂಥದ್ದಲ್ಲ. ತಲಕಾಡು ಆಗಲಿ, ಶ್ರೀರಂಗಪಟ್ಟಣದ ಕಡೆಯ ಬಲಮುರಿ, ಎಡಮುರಿ ಆಗಲಿ, ಮಳೆಗಾಲ ಕಳೆದ ಹೊಸತರಲ್ಲಿ ಮಕ್ಕಳನ್ನು ಕಾವೇರಿಗೆ ಇಳಿಸುವ ಯೋಚನೆಯೇ ಬೇಡ. ಮೇಲೆ ತಿಳಿಯಾಗಿ ಕಾಣುವ ನೀರಿನ ಕೆಳಗೆ ಸುಳಿ, ಗುಂಡಿ ಇರುತ್ತವೆ. ಅಣೆಕಟ್ಟೆಯಿಂದ ನೀರು ಬಿಟ್ಟರೆ ನೋಡನೋಡುತ್ತಲೇ ಏರುತ್ತದೆ. ಪ್ರತಿ ವರ್ಷ ಇಲ್ಲಿ ಜೀವ ಹೋಗುತ್ತವೆ, ಈಜು ಬಲ್ಲವರದ್ದೂ. ನೀರಾಟ ಬೇಕೇ ಬೇಕು ಅಂದರೆ ಲಾಡ್ಜಿನ ಬಕೆಟ್ ಸಾಕು.

ಮಳೆ ಬೆಳಿಗ್ಗೆಯೇ ಹಿಡಿದುಕೊಂಡರೆ

ಆಗುವುದು ಕಡಿಮೆ, ಆದರೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದ ವಾರ ಆಗಬಹುದು. ಆಗ ಕಾರಂಜಿ ಕೆರೆಯ ದಡದಲ್ಲೇ ಇರುವ ಪ್ರಾದೇಶಿಕ ನಿಸರ್ಗ ವಿಜ್ಞಾನ ವಸ್ತುಸಂಗ್ರಹಾಲಯ ಕೈಹಿಡಿಯುತ್ತದೆ. ಸೂರಿನ ಕೆಳಗೆ ಕಾಡು, ಪ್ರಾಣಿಗಳ ಮಾದರಿಗಳು, ಜನ ಕಡಿಮೆ. ಇದು ಬಿಟ್ಟರೆ ಬಿಸಿ ಬಿಸಿ ಮೈಲಾರಿ ದೋಸೆ ಎರಡನೇ ಸಲ, ಅದೂ ಒಂದು ಕಾರ್ಯಕ್ರಮವೇ.

ಈಗ ಜೋಡಿಸುವುದು ಹೇಗೆ

ಊರಿನವರಿಗೆ, ಸುತ್ತಮುತ್ತಲಿನವರಿಗೆ ಸುಲಭ. ಶನಿವಾರ ಬೆಳಿಗ್ಗೆ ರೈಲ್ವೆ ಮ್ಯೂಸಿಯಂ, ಸಂಜೆ ವಸ್ತುಪ್ರದರ್ಶನ. ಭಾನುವಾರ ಬೆಳಿಗ್ಗೆ ಕಾರಂಜಿ, ದೊಡ್ಡ ಮಕ್ಕಳಾದರೆ ಜೂ, ಸಂಜೆ ಅರಮನೆಯ ದೀಪ. ಹಕ್ಕಿ, ದೋಣಿ ಅಂದರೆ ಪ್ರಾಣ ಬಿಡುವ ಮಗು ಇದ್ದರೆ ರೈಲಿನ ಜಾಗಕ್ಕೆ ರಂಗನತಿಟ್ಟು ಹಾಕಿ. ಪೇಪರಿನ ಪಟ್ಟಿ ನೋಡಿದ ಮೇಲೆ.

ಬೆಂಗಳೂರಿನಿಂದ ಬರುವವರಿಗೆ ಒಂದು ತೊಡಕಿದೆ. ದೀಪ ಭಾನುವಾರ, ಸೋಮವಾರ ಸ್ಕೂಲು. ಎಂಟಕ್ಕೆ ಅರಮನೆ ಬಿಟ್ಟು, ಊಟ ಮಾಡಿಸಿ, ಭಾನುವಾರ ರಾತ್ರಿಯ ಹೆದ್ದಾರಿ ಹಿಡಿದರೆ ಕೆಂಗೇರಿ ಹತ್ತಿರ ವಾಹನಗಳ ಸಾಲಿನಲ್ಲಿ ತೆವಳುತ್ತಾ ಮನೆ ಸೇರುವುದು ಹನ್ನೊಂದು ಹನ್ನೆರಡಕ್ಕೆ. ಹಿಂದಿನ ಸೀಟಿನಲ್ಲಿ ಮಲಗುವ ಮಕ್ಕಳಾದರೆ ಪರವಾಗಿಲ್ಲ, ಮನೆಯಲ್ಲೇ ಮುಖ ತೊಳೆಸಿ ರಾತ್ರಿ ಬಟ್ಟೆ ಹಾಕಿಸಿದ ಹಾಗೆ ಲಾಡ್ಜಿನಲ್ಲೇ ಹಾಕಿಸಿ ಹೊರಡಿ. ಕಾರಿನಲ್ಲಿ ವಾಂತಿ ಮಾಡುವ, ಅಳುವ ಮಕ್ಕಳಾದರೆ ದೀಪ ಬಿಟ್ಟು, ಶನಿವಾರದ ವಸ್ತುಪ್ರದರ್ಶನಕ್ಕೇ ಸಂಜೆಯ ಖುಷಿ ಮುಗಿಸಿ, ಭಾನುವಾರ ಊಟವಾದ ಕೂಡಲೇ ಹೊರಟುಬಿಡುವುದು ವಾಸಿ. ರೈಲಿನಲ್ಲಿ ಬಂದವರಿಗೆ ಈ ಗೋಳಿಲ್ಲ, ಮೇಲಾಗಿ ಮ್ಯೂಸಿಯಂ ಸ್ಟೇಷನ್ ಹತ್ತಿರವೇ ಇರುವುದರಿಂದ ಅದನ್ನು ಭಾನುವಾರಕ್ಕೆ ಇಟ್ಟುಕೊಂಡು, ನೋಡಿ ಮುಗಿಸಿ ಹಾಗೇ ಗಾಡಿ ಹತ್ತಬಹುದು. ವಾಪಸಿನ ಟಿಕೆಟ್ ಮಾತ್ರ ಮೊದಲೇ ಕಾದಿರಿಸಿ, ದಸರೆ ದೀಪಾವಳಿ ನಡುವಿನ ಭಾನುವಾರ ಸಂಜೆ ಜನರಲ್ ಬೋಗಿಯಲ್ಲಿ ಮಕ್ಕಳನ್ನು ಕೂರಿಸುವುದು ಆಗದ ಮಾತು.